ಅಂಗೈಯೂರಿ ಪಾಸ್‌ಪೋರ್ಟ್ ನೋಡುವ ಓಸ್ಮೋ

ಓಸ್ಮೋ ಕರ್ವಿನೆನ್ ಪಾಸ್‌ಪೋರ್ಟನ್ನು ಯಂತ್ರದ ಗಾಜಿನ ಮೇಲಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಅದರ ಮೇಲೆ ಅಂಗೈಯೂರಿ ಒಂದು ಗಳಿಗೆ ಕಾಯುತ್ತಿದ್ದ. ಒಳಗಿನ ಚಿಪ್ ಓದಲು ಅಂಗೈಯ ಶಾಖವೇನೂ ಬೇಕಿಲ್ಲವೆಂದು ಹೆಲ್ಸಿಂಕಿ ವಿಮಾನನಿಲ್ದಾಣದ ಗಡಿಕಾವಲಿನ ನಾವೆಲ್ಲ ಎಷ್ಟು ಗೇಲಿ ಮಾಡಿದರೂ, ಸಮವಸ್ತ್ರದ ಮೇಲೆ ಮೊಣಕೈ ಸವೆದ ಬೂದು ಉಣ್ಣೆಯಂಗಿ ತೊಟ್ಟು, ಗಜಗಮನದಲ್ಲಿ ಬಂದು ತನ್ನ ತಪಾಸಣೆಯ ಗೂಡಿನಲ್ಲಿ ಕೂತು, ಪ್ರತಿಯೊಂದಕ್ಕೂ "ನೋಡೋಣಂತೆ" ಎಂದು ರಾಗವೆಳೆಯುವ ಆ ಮಹಾಶಯ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾತೆಲಾ ಎಂಬ ಹೆಂಗಸು, ಅದೇ ಮಧ್ಯಾಹ್ನ ಉತ್ತರದ ಔಲು ಪಟ್ಟಣದಲ್ಲಿ ಮಗಳ ಮದುವೆ ಎಂದು ದೂರದ ದೇಶದಿಂದ ಹೊರಟುಬಂದವಳು, ಅವನೆದುರು ನಿಂತಳು. ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ಹೊಸದಾಗಿ ಸೇರಿದ್ದ ಕೈಸು ಬಗ್ಗಿ ನೋಡಿ, "ನಕಲಿ!" ಎಂದು ಪಿಸುಗುಟ್ಟಿದಳು.

"ನೋಡೋಣಂತೆ. ಒಳಗಿನ ಒಂದಕ್ಷರಾನೂ ಯಾರೂ ತಿದ್ದಿಲ್ಲ ಕಣಮ್ಮ. ಚಿಪ್‌ನಲ್ಲಿ ಮುದ್ರೆ ಒತ್ತಿದೋರ ಗುರುತು ನಮ್ಮ ಯಂತ್ರಕ್ಕಿಲ್ಲ, ಅಷ್ಟೆ. ಅವರ ಸರ್ಕಾರ ಹೊಸ ಮುದ್ರೆ ಮಾಡಿಸಿರಬೇಕು, ನಮಗಿನ್ನೂ ಬಂದಿಲ್ಲ."

"ಹಾಗಿದ್ರೆ ಬಿಟ್ಬಿಡಿ ಓಸ್ಮೋ, ಪಾಪ! ಮುಖ ನೋಡಿದ್ರೇ ಗೊತ್ತಾಗಲ್ವಾ?"

"ಮುದ್ರೆ ಬದಲಾಗಿದೆ ಅಂತ ನಾನು ಊಹಿಸಿದ್ದು. ಊಹೆ ಮೇಲೆ ಬಾಗಿಲು ತೆಗೆಯೋಕಾಗುತ್ತಾ?"

ಔಲುವಿನ ವಿಮಾನ ಹೊರಡುವ ಹೊತ್ತಾಗುತ್ತಿತ್ತು. ನಾತೆಲಾ ಅಳುತ್ತ ಕೈಮುಗಿದಳು. ಓಸ್ಮೋ ಅವಳಿಗೂ ತಿಳಿಯುವ ತನ್ನ ಹರಕುಮುರುಕು ರಷ್ಯನ್ನಿನಲ್ಲಿ ಹೇಳಿದ: "ಅಳಬೇಡಿ ತಾಯಿ. ಅಯ್ಯೋ ಪಾಪ ಅಂತ ನಿಮ್ಮನ್ನ ಒಳಗೆ ಬಿಡಲ್ಲ. ನಿಮ್ಮದು ಸರಿಯಿದ್ರೆ, ಸರಿಯಿದೆ ಅಂತಲೇ ಬಿಡ್ತೀನಿ."

ಎಂಥ ಮೊಂಡನಪ್ಪಾ ಇವನು ಎಂದು ನನಗೆ ಮೈಯೆಲ್ಲ ಉರಿಯಿತು. ಅವನು ಮಾತ್ರ ತನ್ನ ಪಾಲಿನ ಕಾಫಿ, ದಾಲ್ಚಿನ್ನಿ ಬನ್ನುಗಳನ್ನು ಅವಳ ಮುಂದಿಟ್ಟು, ಮೇಲಧಿಕಾರಿಗಳಿಗೆ ಫೋನಿನ ಮೇಲೆ ಫೋನು ಮಾಡಿ, ದೇಶದೇಶಗಳು ತಮ್ಮ ಮುದ್ರೆಗಳನ್ನು ಇರಿಸುವ ಭಂಡಾರದಿಂದ ಆ ಹೊಸದನ್ನು ತರಿಸಿ, ತಾಳೆನೋಡಿಸಿ, ಯಂತ್ರಕ್ಕೆ ಹಾಕಿಸಿಯೇ ಬಿಟ್ಟ. ಪಾಸ್‌ಪೋರ್ಟನ್ನು ಮತ್ತೊಮ್ಮೆ ಇಟ್ಟಾಗ ಗೆರೆ ಹಸಿರಾಯಿತು. ಆಮೇಲೆ, ಎಂದೂ ಓಡದ ಆಸಾಮಿ ಅವಳ ಪೆಟ್ಟಿಗೆ ಹೊತ್ತು ಓಡಿದ್ದನ್ನು ನೋಡಬೇಕಿತ್ತು! ವಿಮಾನ ಸಿಕ್ಕಿತು. ಏದುಸಿರು ಬಿಡುತ್ತ ಮರಳಿದವನನ್ನು ಕೈಸು, "ನೀವು ಗಡಿ ಕಾಯೋರೋ, ಬೀಗರ ಕಡೆಯೋರೋ?" ಎಂದು ಛೇಡಿಸಿದಳು. ಅವನು ಉಣ್ಣೆಯಂಗಿಯ ಗುಂಡಿ ಬಿಚ್ಚಿ ನಕ್ಕ.

ಕನಿಕರದಿಂದ ದಾರಿ ಬಿಡುವವರು ಒಳ್ಳೆಯವರೇ. ಆದರೆ ಅವರು ಒಳಗೆ ಬಿಟ್ಟ ಮನುಷ್ಯನ ಬೆನ್ನಿಗೆ ಅವರ ಸಂಶಯವೂ ಅಂಟಿಕೊಂಡು ಬರುತ್ತದೆ. ಓಸ್ಮೋನಂಥವರು ಸಂಶಯವನ್ನು ಅರ್ಧಕ್ಕೆ ಬಿಡುವುದಿಲ್ಲ, ಕೊನೆಮುಟ್ಟಿಸುತ್ತಾರೆ. ಅಂಥವರ ಗೂಡು ದಾಟಿದ ತಾಯಿ ಮಗಳ ಮದುವೆಗೆ ಯಾರ ಹಂಗೂ ಇಲ್ಲದೆ ಹೋಗುತ್ತಾಳೆ.