ಹತ್ತನೇ ತೋಳು

"ಏಯ್, ಕಣ್ಣೇನು ಬೆನ್ನಲ್ಲಿ ಇಟ್ಕೊಂಡಿದೀಯಾ? ಆ ಮೂಲೇಲಿ ಜೇಡರ ಬಲೆ ಹಂಗೇ ಇದೆ. ಅದನ್ನ ತೆಗೆಯೋಕೆ ನಿಮ್ಮಪ್ಪ ಬರ್ತಾನಾ?"

ಅತ್ತಿಗೆಯ ಅಪ್ಪ ಬರುವ ಹಾಗಿರಲಿಲ್ಲ. ಇಂಥವೇ ಮೂಲೆಗಳನ್ನು ಗುಡಿಸಿ ಗುಡಿಸಿ ಸೊಂಟ ಮುರಿದುಕೊಂಡು ಅವನು ಸತ್ತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಅತ್ತಿಗೆಯೇ ಸ್ಟೂಲು ಹತ್ತಿ, ಉದ್ದ ಕೋಲಿಗೆ ಕಟ್ಟಿದ ಪೊರಕೆಯಿಂದ ಬಲೆ ಬಿಡಿಸಿದಳು. ಕೆಳಗೆ ನಿಂತು ಕೂಗುತ್ತಿದ್ದ ಬಡಾವಣೆ ಸಂಘದ ಕಾರ್ಯದರ್ಶಿ ಧೂಳಿಗೆ ಹೆದರಿ ಹಿಂದಕ್ಕೆ ಹಾರಿದ. ಗಲ್ಲಕ್ಕೆ ಇಳಿದಿದ್ದ ಮಾಸ್ಕನ್ನು ಮೂಗಿಗೆ ಎಳೆದುಕೊಂಡ.

ಅವಳನ್ನು ಅತ್ತಿಗೆ ಎನ್ನುತ್ತಿದ್ದವರು ಬೀದಿ ಗುಡಿಸುವ ಗುಂಪಿನವರು. ಅವಳ ಗಂಡನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು, ಅದಕ್ಕೆ ಇವಳು ಅತ್ತಿಗೆ. ಬಡಾವಣೆಯ ಜನಕ್ಕೆ ಅಷ್ಟೆಲ್ಲ ಪುರುಸೊತ್ತಿಲ್ಲ, ಅವರ ಬಾಯಲ್ಲಿ ಅವಳು ಬರೀ "ಏಯ್". ಕೊರೊನಾ ಜೋರಾಗಿದ್ದಾಗ ಮಾತ್ರ ಗಂಡ ಹೆಂಡತಿ ಇಬ್ಬರಿಗೂ ಬಡ್ತಿ ಸಿಕ್ಕಿತ್ತು. ಮಹಡಿಯ ಮೇಲೆ ನಿಂತು ಚಪ್ಪಾಳೆ ತಟ್ಟಿ, ವೀರರು ವೀರರು ಎಂದು ಕೂಗಿದ್ದರು. ವೀರರ ಕೈಗೆ ಒಂದು ಜೊತೆ ಗವಸು ಕೊಡೋಣ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಅಣ್ಣ ಬರಿಗೈಯಲ್ಲೇ ಆ ಮನೆಗಳ ಹೆಣ ಹೊತ್ತ, ಅವರ ಹಾಸಿಗೆ ಸುಟ್ಟ, ಕೊನೆಗೆ ತಾನೂ ಕೆಮ್ಮಿ ಕೆಮ್ಮಿ ಹೋದ. ಅವನನ್ನು ಹೊರುವುದಕ್ಕೆ ಮಹಡಿಯಿಂದ ಒಬ್ಬನಾದರೂ ಇಳಿದು ಬಂದನೇ? ಅವತ್ತು ಕಿಟಕಿಗಳೂ ಮುಚ್ಚಿದ್ದವು.

ಈಗ ಸೂಜಿ ಬಂದಿತ್ತು. ಸೂಜಿಯ ಜೊತೆಗೆ ಗುಡಿಸುವವರ ಮೇಸ್ತ್ರಿಯ ಹೊಸ ಕಾನೂನೂ ಬಂದಿತ್ತು. "ನಾಳೆಯಿಂದ ಸೂಜಿ ಹಾಕಿಸ್ಕೊಂಡೋರ ಕೈಗೆ ಮಾತ್ರ ಪೊರಕೆ. ಮಿಕ್ಕೋರು ಮನೇಲಿ ಬಿದ್ಕೊಳ್ಳಿ. ಅತ್ಕೊಂಡು ಬಂದ್ರೆ ಒದ್ದು ಓಡಿಸ್ತೀನಿ." ಪೊರಕೆ ಹೋದರೆ ಒಲೆಯೂ ಹೋಯಿತು ಎಂಬುದು ಅವನಿಗೂ ಗೊತ್ತಿತ್ತು. ಆಸ್ಪತ್ರೆಗೆ ಹೋದರೆ ಬಾಗಿಲಲ್ಲೇ ಕೈ ಆಡಿಸಿ ಖಾಲಿ ಎನ್ನುತ್ತಿದ್ದರು. ಅಷ್ಟರಲ್ಲಿ ಬಡಾವಣೆಯ ಸಂಘದವರು ಯಾರ್ಯಾರಿಗೋ ಹೇಳಿಸಿ, ತಮ್ಮ ಸಭಾಂಗಣಕ್ಕೇ ನರ್ಸಮ್ಮನನ್ನು ಕರೆಸಿಕೊಂಡರು. ಕಾರ್ಯದರ್ಶಿ ಮೇಸ್ತ್ರಿಗೆ ಹೇಳಿದ್ದ: "ನಿಮ್ಮೋರು ಬಂದು ಸಭಾಂಗಣ ತೊಳೆದು ಕುರ್ಚಿ ಹಾಕ್ಲಿ. ನಮ್ಮದೆಲ್ಲ ಮುಗಿದ ಮೇಲೆ ಮಿಕ್ಕಿದ್ದನ್ನ ಅವರಿಗೂ ಚುಚ್ಚಿಸೋಣ."

ಮಿಕ್ಕಿದ್ದು ಎಂಬ ಮಾತು ಅತ್ತಿಗೆಗೆ ಹೊಸದೇನಲ್ಲ. ಹಳೇ ಚಪ್ಪಲಿ, ಹಳಸಿದ ಅನ್ನ ಎಲ್ಲ ಹಾಗೇ ಬರುತ್ತಿದ್ದವು. ಸೂಜಿಯೂ ಹಾಗೇ ಬರುತ್ತದೆ ಎಂದುಕೊಂಡು ಗುಂಪಿನ ಹತ್ತೂ ಜನ ನಸುಕಿಗೇ ಬಂದು ಬಿಟ್ಟಿ ದುಡಿದರು. ನೆಲ ಒರೆಸಿದರು, ಕಕ್ಕಸು ತಿಕ್ಕಿದರು, ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸಿದರು. ಆಮೇಲೆ ಒಂಬತ್ತು ಜನರನ್ನು ಹಿಂದಿನ ಗೇಟಿನ ಆಚೆ ಬಿಸಿಲಿಗೆ ಅಟ್ಟಿ, ಏನಾದರೂ ಚೆಲ್ಲಿದರೆ ಬೇಕಲ್ಲ ಎಂದು ಅತ್ತಿಗೆಯನ್ನು ಮಾತ್ರ ಬಕೆಟ್ಟಿನ ಪಕ್ಕ ನಿಲ್ಲಿಸಿಕೊಂಡರು.

ಫಲಾನುಭವಿಗಳು ಬಂದರು. ಇವರೆಲ್ಲ ಮಹಾ ಧೈರ್ಯವಂತರು. ಊರಿನ ಮಿಕ್ಕವರು ಚುಚ್ಚಿಸಿಕೊಂಡು ಸಾಯುತ್ತಾರೋ ಬದುಕುತ್ತಾರೋ ನೋಡೋಣ ಎಂದು ಇಷ್ಟು ದಿನ ಮನೆಯಲ್ಲಿ ಕಾದು ಕೂತಿದ್ದವರು. ಈಗ ಎಲ್ಲರೂ ಸೇರಿ ಹಡಗಿನಲ್ಲಿ ವಿಹಾರಕ್ಕೆ ಹೊರಟಿದ್ದರು. ಸೂಜಿ ಇಲ್ಲದವರನ್ನು ಹಡಗಿನವರು ಹತ್ತಿಸುವುದಿಲ್ಲವಂತೆ. ದೇಶದ ಆರೋಗ್ಯದ ಚಿಂತೆ ಅಂದರೆ ಸುಮ್ಮನೆಯೇ! ಸಂಘದ ಅಧ್ಯಕ್ಷರು ರಿಬ್ಬನ್ ಕತ್ತರಿಸಿ, ಬಡವ ಬಲ್ಲಿದ ಎನ್ನದೆ ಎಲ್ಲರ ಮೈಯಲ್ಲೂ ಒಂದೇ ರಕ್ತ ಎಂದು ಭಾಷಣ ಮಾಡಿದರು. ಫೋಟೋದವನು ಕ್ಲಿಕ್ಕಿಸಿದ. ಜಗ್ಗಿನ ತುಂಬ ಹಣ್ಣಿನ ರಸ ಬಂತು.

ನರ್ಸಮ್ಮ ಐಸಿನ ಡಬ್ಬಿ ತೆರೆದು ಒಂದೇ ಒಂದು ಪುಟ್ಟ ಬಾಟ್ಲಿ ತೋರಿಸಿದಳು. "ಇವತ್ತಿಗೆ ಇಷ್ಟೇ. ಒಂದು ಬಾಟ್ಲಿ, ಹತ್ತು ಜನಕ್ಕೆ. ತೆರೆದ ಮೇಲೆ ಇಡೋಕಾಗಲ್ಲ. ಹತ್ತು ಜನ ಎದುರಿಗೆ ಕೂತ್ರೇನೇ ತೆರೆಯೋದು."

"ನಾವು ಹತ್ತೇ ಜನ. ಲೆಕ್ಕ ಹಾಕೇ ಕರೆದಿರೋದು," ಎಂದ ಕಾರ್ಯದರ್ಶಿ ಎದೆಯುಬ್ಬಿಸಿ.

ಬಕೆಟ್ಟಿನ ಪಕ್ಕದಲ್ಲಿದ್ದ ಅತ್ತಿಗೆ ಬೆರಳು ಮಡಚಿ ಲೆಕ್ಕ ಹಾಕಿದಳು. ಬಾಟ್ಲಿ ಹತ್ತು ಜನಕ್ಕೆ, ಇವರು ಹತ್ತು ಜನ. ಹಾಗಾದರೆ ಮಿಕ್ಕುವುದೇನು ಮಣ್ಣು? ಮೇಸ್ತ್ರಿಯ ಕಡೆ ನೋಡಿದಳು. ಅವನು ಹಲ್ಲು ಗಿಂಜುತ್ತ ಅಧ್ಯಕ್ಷರ ಲೋಟಕ್ಕೆ ರಸ ಬಗ್ಗಿಸುತ್ತಿದ್ದ. ನಸುಕಿನಿಂದ ಬಗ್ಗಿಸಿದ ಸೊಂಟ ಈಗ ನೋಯತೊಡಗಿತು. ಥೂ, ಇವರ ಬಾಯಿಗೆ ಹುಳ ಬೀಳ ಎಂದುಕೊಂಡಳು.

ಅಷ್ಟರಲ್ಲಿ ಕಾರ್ಯದರ್ಶಿಯ ಬಾಮೈದ, ಮೀಸೆ ತಿರುವಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದವನು, ನರ್ಸಮ್ಮ ಬಿಚ್ಚಿಟ್ಟ ಸಿರಿಂಜು ನೋಡಿದ. ಬೆವರಿದ. ಕಕ್ಕಸಿಗೆ ಹೋಗಿ ಬರುತ್ತೇನೆಂದು ಎದ್ದ. ಮೇಸ್ತ್ರಿ ಹೋಗಿ ನೋಡಿದರೆ ಕಕ್ಕಸು ಖಾಲಿ, ಮುಂದಿನ ಗೇಟಿನ ಹತ್ತಿರ ಅವನ ಕಾರೂ ಇರಲಿಲ್ಲ. ಫೋನು ಸ್ವಿಚ್ ಆಫ್.

"ಒಂಬತ್ತೇ ಆಯ್ತಲ್ಲ ಸಾರ್," ಎಂದಳು ನರ್ಸಮ್ಮ.

"ಒಂದು ವೇಸ್ಟ್ ಆದ್ರೆ ಆಗ್ಲಿ, ತೆಗೀರಿ!" ಅಧ್ಯಕ್ಷರು ಗುಡುಗಿದರು.

"ಆಗಲ್ಲ. ಹೋದ ಸಲ ಒಬ್ಬರ ಪಾಲು ಚೆಲ್ಲಿದ್ದಕ್ಕೆ ಮೇಲಿನೋರು ನನ್ನನ್ನ ನಿಲ್ಲಿಸಿ ಬೈದ್ರು. ಆವಾಗ ನೀವ್ಯಾರೂ ಬರ್ಲಿಲ್ಲ."

ಹತ್ತನೇ ತೋಳಿನ ಬೇಟೆ ಶುರುವಾಯಿತು. ಅಧ್ಯಕ್ಷರ ಡ್ರೈವರಿಗೆ ಆಗಲೇ ಆಗಿದೆ. ಫೋಟೋದವನಿಗೂ ಆಗಿದೆ. ಮೇಸ್ತ್ರಿ ತನ್ನದನ್ನು ಎಲ್ಲರಿಗಿಂತ ಮೊದಲೇ ಚುಚ್ಚಿಸಿಕೊಂಡಿದ್ದ. ನರ್ಸಮ್ಮ ಗಡಿಯಾರ ನೋಡಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಆಗ ಕಾರ್ಯದರ್ಶಿಯ ಕಣ್ಣು ಬಕೆಟ್ಟಿನ ಕಡೆ ತಿರುಗಿತು.

"ಏಯ್... ಬಾಮ್ಮ, ಬಾ ಇಲ್ಲಿ. ನಿನ್ನ ಅದೃಷ್ಟ ಖುಲಾಯಿಸ್ತು ನೋಡು."

ಇವತ್ತು ಅವಳು ಅಮ್ಮನೂ ಆದಳು. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಮೂಗಿಗೆ ಹಿಡಿದು, "ಅವಳು ಕುರ್ಚಿ ಮೇಲೆ ಕೂರೋದು ಬೇಡ ರೀ, ನಿಂತೇ ಹಾಕಿಸ್ಕೊಳ್ಲಿ. ಕೊನೇಲಿ," ಎಂದಳು. ಅಧ್ಯಕ್ಷರಿಗೆ ತಮ್ಮ ಭಾಷಣ ಆಗಲೇ ಮರೆತುಹೋಗಿತ್ತು. ಅವರೂ ತಲೆಯಾಡಿಸಿದರು.

"ನಮ್ಮೋರು ಹೊರಗಿದ್ದಾರೆ ಸ್ವಾಮಿ," ಎಂದಳು ಅತ್ತಿಗೆ.

ಮೇಸ್ತ್ರಿ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಅವರ ಚಿಂತೆ ನಿನಗ್ಯಾಕೆ? ಸುಮ್ನೆ ಚುಚ್ಚಿಸ್ಕೊಂಡು ನಿನ್ನ ಕೆಲಸ ಉಳಿಸ್ಕೋ. ಇಲ್ಲಾಂದ್ರೆ ನಾಳೆ ನಿನ್ನ ಮುಖ ನೋಡಲ್ಲ."

ಅತ್ತಿಗೆಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ತೋಳು ಚಾಚಿದರೆ ಸಾಕು, ಒಲೆ ಉರಿಯುತ್ತದೆ. ಆದರೆ ಹಿಂದಿನ ಕಿಟಕಿಯಲ್ಲಿ, ಅದೇ ಗುಂಪಿನಲ್ಲಿ ಗುಡಿಸುವ ನಾದಿನಿಯ ಮುಖ ಕಾಣುತ್ತಿತ್ತು. ಅವಳ ಪಕ್ಕದಲ್ಲಿ ಕೆಮ್ಮು ಮಾವ, ಅಣ್ಣನ ಜೊತೆ ಹೆಣ ಹೊತ್ತು ಅರ್ಧ ಉಸಿರು ಕಳೆದುಕೊಂಡ ಮುದುಕ, ಗೇಟಿನ ಸರಳಿಗೆ ಒರಗಿ ನಿಂತಿದ್ದ. ಅತ್ತಿಗೆ ಮುಂದೆ ನೋಡಿದಳು: ಒಂಬತ್ತು ಜನ. ಹಿಂದೆ ನೋಡಿದಳು: ಅಲ್ಲೂ ಒಂಬತ್ತು ಜನ. ತಾನು ಯಾವ ಕಡೆ ನಿಂತರೆ ಆ ಕಡೆ ಹತ್ತು. ಇಷ್ಟು ವರ್ಷದ ಬದುಕಿನಲ್ಲಿ ಇವಳ ತೋಳಿಗೆ ಇಂಥ ಬೆಲೆ ಎಂದೂ ಬಂದಿರಲಿಲ್ಲ.

ಅವಳು ಸೀದಾ ಹಿಂದಿನ ಬಾಗಿಲು ದಾಟಿ ಗೇಟಿನ ಚಿಲಕ ತೆಗೆದಳು.

"ಬರ್ರೋ ಎಲ್ಲಾ! ಮಾವ, ಬಾ. ಕೈ ಹಿಡ್ಕೋ."

"ಏಯ್ ಏಯ್, ಒಳಗೆ ಬರ್ಬೇಡಿ! ದರಿದ್ರಗಳಾ!" ಕಾರ್ಯದರ್ಶಿ ಎರಡೂ ಕೈ ಚಾಚಿ ಅಡ್ಡ ನಿಂತ. ಮುಟ್ಟಿದರೆ ಎಲ್ಲಿ ಮೈಲಿಗೆಯೋ ಎಂದು ಕೊನೇ ಗಳಿಗೆಯಲ್ಲಿ ತಾನೇ ಪಕ್ಕಕ್ಕೆ ಸರಿದ. ನಾದಿನಿ ಅವನ ಮುಂದೆ ಹಾದುಹೋಗುತ್ತ, "ಹೆಣ ಎತ್ತೋವಾಗ ಬಾ ಬಾ ಅಂತ ಕರೆದ್ಯಲ್ಲೋ ಬೋಳಿಮಗನೆ, ಆವಾಗ ನಾವು ದರಿದ್ರ ಆಗಿರ್ಲಿಲ್ವಾ?" ಎಂದಳು.

ತಾವೇ ಬಟ್ಟೆ ತೊಡಿಸಿದ್ದ ಕುರ್ಚಿಗಳಲ್ಲಿ ಅವರು ಕೂತರು. ಅತ್ತಿಗೆ ಎಲ್ಲರಿಗಿಂತ ಮುಂದೆ ಕೂತು ಸೀರೆಯ ಸೆರಗು ಸರಿಸಿ ತೋಳು ಚಾಚಿದಳು. "ಎಣಿಸ್ಕೊಳ್ಳಿ ಅಕ್ಕ. ಹತ್ತು ಜನ ಇದೀವಿ. ತೆಗೀರಿ ಬಾಟ್ಲಿ."

ನರ್ಸಮ್ಮ ಅಧ್ಯಕ್ಷರನ್ನು ನೋಡಿದಳು. ಆಮೇಲೆ ಹತ್ತು ತೋಳುಗಳನ್ನು ನೋಡಿದಳು. "ರೂಲ್ಸ್ ಅಂದ್ರೆ ರೂಲ್ಸ್," ಎಂದು ಬಾಟ್ಲಿಯ ಮುಚ್ಚಳ ಕಿತ್ತಳು.

ಸೂಜಿ ಇಳಿಯುವಾಗ ಅತ್ತಿಗೆಯ ಕಣ್ಣಲ್ಲಿ ನೀರು ಬಂತು.

"ನೋವಾಯ್ತಾ?"

"ಇದು ಆವಾಗಲೇ ಬಂದಿದ್ರೆ ನನ್ನ ಗಂಡ ಬದುಕಿರೋರು ಅಕ್ಕ."

ನರ್ಸಮ್ಮ ಹತ್ತಿಯನ್ನು ಒತ್ತಿ ಹಿಡಿದಳು. ಆಮೇಲೆ ಮುಂದಿನ ತೋಳಿಗೆ ಹೋದಳು. ಫೋಟೋದವನು ಅಭ್ಯಾಸಬಲದಿಂದ ಕ್ಲಿಕ್ಕಿಸಿ ಅಧ್ಯಕ್ಷರಿಂದ ಬೈಸಿಕೊಂಡ.

ಕೊನೆಗೆ ಕೆಮ್ಮು ಮಾವನ ತೋಳಿಗೂ ಸೂಜಿ ಇಳಿದು ಬಾಟ್ಲಿ ಖಾಲಿಯಾಯಿತು. "ಎಲ್ಲರೂ ಅರ್ಧ ಗಂಟೆ ಕೂತ್ಕೋಬೇಕು. ಯಾರೂ ಏಳೋ ಹಂಗಿಲ್ಲ," ಎಂದಳು ನರ್ಸಮ್ಮ.

ಅಧ್ಯಕ್ಷರ ತಾಳ್ಮೆ ಅಲ್ಲಿಗೆ ಮುಗಿಯಿತು. ನನ್ನ ಸಭಾಂಗಣದಲ್ಲಿ ನನಗೇ ಸೂಜಿ ಇಲ್ಲವೇ ಎಂದು ಮೇಜಿನ ಮೇಲೆ ಗುದ್ದಿದರು. ಜಗ್ಗು ಉರುಳಿ, ಹಣ್ಣಿನ ರಸವೆಲ್ಲ ಈಗಷ್ಟೇ ಒರೆಸಿದ್ದ ನೆಲದ ಮೇಲೆ ಹರಿಯಿತು.

"ಏಯ್, ಒರೆಸು ಬಾ!" ಕಾರ್ಯದರ್ಶಿ ಕೂಗಿದ.

ಅತ್ತಿಗೆ ಫ್ಯಾನಿನ ಕೆಳಗೆ ಅಲ್ಲಾಡದೆ ಕೂತಿದ್ದಳು. "ಅರ್ಧ ಗಂಟೆ ಏಳೋ ಹಂಗಿಲ್ಲ ಸ್ವಾಮಿ."

"ನಾಳೆ ಬಾ, ನಿನಗಿದೆ!" ಮೇಸ್ತ್ರಿಯ ಕಣ್ಣು ಕೆಂಪಾಗಿತ್ತು.

"ಬರ್ತೀವಿ ಮೇಸ್ತ್ರಿ, ಹತ್ತೂ ಜನ ಬರ್ತೀವಿ. ಸೂಜಿ ಆದೋರಿಗೆ ಪೊರಕೆ ಅಂದೋರು ನೀವೇ ತಾನೆ?"

ರಸ ಹರಿದು ಅಧ್ಯಕ್ಷರ ಬೂಟಿನವರೆಗೆ ಬಂತು. ಅವರು ಕಾರ್ಯದರ್ಶಿಯನ್ನು ನೋಡಿದರು. ಕಾರ್ಯದರ್ಶಿ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ತನ್ನ ಹಿಂದೆ ತಿರುಗಿ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ಅತ್ತಿಗೆ ಎರಡೂ ಪಾದಗಳನ್ನು ನೆಲದಿಂದ ಮೇಲಕ್ಕೆತ್ತಿ ಬಿಳಿ ಬಟ್ಟೆಯ ಕುರ್ಚಿಯ ಮೇಲೆ ಮಡಚಿಕೊಂಡಳು.

"ಬಕೆಟ್ಟು ಆ ಮೂಲೇಲಿದೆ. ಬಟ್ಟೆ ಅದರೊಳಗೇ ಇದೆ," ಎಂದಳು. "ಚೆನ್ನಾಗಿ ಹಿಂಡಿ ಒರೆಸಿ, ಇಲ್ಲಾಂದ್ರೆ ಅಂಟಂಟಾಗುತ್ತೆ."