ಪೆಗಿಯ ಬಾಲ

ನಮ್ಮ ಕಡೆ ಕಲ್ಲಿಲ್ಲ. ಕ್ವೀನ್ಸ್‌ಲ್ಯಾಂಡಿನ ಈ ಒಳನಾಡಿನಲ್ಲಿ ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣು. ಬಾಗಿಲಿಗೆ ಒತ್ತು ಕೊಡೋಣವೆಂದರೂ ಒಂದು ಗುಂಡುಕಲ್ಲು ಸಿಗುವುದಿಲ್ಲ. ಹಾಗಾಗಿ ಎಲ್ಲಾದರೂ ಕಲ್ಲು ಕಂಡರೆ ನಮ್ಮವರು ಟ್ರಕ್ಕಿಗೆ ಹಾಕಿಕೊಂಡು ಮನೆಗೆ ತರುತ್ತಾರೆ. ನನ್ನ ಗಂಡ ಮರ್ವಿನ್ ನಮ್ಮ ಕುರಿ ಫಾರ್ಮಿನ ಮೂಲೆಯಿಂದ ಐದಾರು ಕಲ್ಲು ತಂದಿದ್ದ. ಹೂವಿನ ಪಾತಿಗೆ ಬೇಕೆಂದು ಕೇಳಿದೆ, ಕೊಡಲಿಲ್ಲ. ನರಿ ಬಂದು ಕೆದಕದಿರಲಿ ಎಂದು ಎಲ್ಲವನ್ನೂ ಪೆಗಿಯ ಗೋರಿಯ ಮೇಲೆ ಪೇರಿಸಿದ.

ಪೆಗಿ ಅಂದರೆ ನಾಯಿ. ಕುರಿ ಅಟ್ಟುವುದರಲ್ಲಿ ಗಟ್ಟಿಗಿತ್ತಿ, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಅವಳು ಬದುಕಿದ್ದಷ್ಟು ಕಾಲ ಟ್ರಕ್ಕಿನಲ್ಲಿ ಕಿಟಕಿ ಪಕ್ಕ ಅವಳು, ನಡುವೆ ಗೇರಿಗೆ ಮೊಣಕಾಲು ಬಡಿಸಿಕೊಂಡು ನಾನು. "ಅವಳಿಗೆ ಗಾಳಿ ಬೇಕು" ಅನ್ನುತ್ತಿದ್ದ ಮರ್ವಿನ್. ಎನಿಡ್, ನಿನಗೇನು ಬೇಕು ಎಂದು ನನ್ನನ್ನು ಕೇಳಿದವನಲ್ಲ.

ಕಳೆದ ಚಳಿಗಾಲದಲ್ಲಿ ಕಲ್ಲು ತಂದ ಅದೇ ಮೂಲೆಯಲ್ಲಿ ಬೈಕಿನಲ್ಲಿ ಕುರಿ ಅಟ್ಟುತ್ತಿದ್ದಾಗ ಅವನಿಗೆ ಮಣ್ಣಿನಿಂದ ಮೇಲೆದ್ದ ಡೈನೋಸಾರ್ ತೊಡೆ ಎಲುಬೊಂದು ಕಂಡಿತು. ಇಂಥ ಎಲುಬುಗಳನ್ನು ಜೋಡಿಸಿ ಜನರಿಗೆ ತೋರಿಸುವ ಡೈನೋಸಾರ್ ಪಾರ್ಕಿನಿಂದ ಡಾಕ್ಟರ್ ಫ್ರೀಡಾ ತನ್ನ ಜನರನ್ನು ಕಟ್ಟಿಕೊಂಡು ಬಂದಳು. ಅಗೆದರು, ಸಿಕ್ಕ ಎಲುಬಿಗೆಲ್ಲ ಗೋಣಿತಟ್ಟು ಸುತ್ತಿ, ಮುರಿದ ಕೈಗೆ ಹಾಕುವ ಹಾಗೆ ಪ್ಲಾಸ್ಟರ್ ಹಾಕಿದರು. ತೊಡೆ ಸಿಕ್ಕಿತು, ಸೊಂಟ ಸಿಕ್ಕಿತು. ಬಾಲ ಮಾತ್ರ ಬುಡದಲ್ಲೇ ನಿಂತುಹೋಯಿತು, ಮುಂದಿನ ಮೂಳೆಗಳು ಎಷ್ಟು ಅಗೆದರೂ ಸಿಗಲಿಲ್ಲ.

ಹೊರಡುವ ದಿನ ಫ್ರೀಡಾ ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು, ಪೆಗಿಯ ಗೋರಿಯ ಮುಂದೆ ಮೊಣಕಾಲೂರಿ ಕೂತಳು. ಪ್ರಾರ್ಥನೆ ಮಾಡುತ್ತಿದ್ದಾಳೆಂದು ಮರ್ವಿನ್ ಟೋಪಿ ತೆಗೆದ. ನಾನೂ ಎದ್ದು ನಿಲ್ಲಬೇಕಾಯಿತು.

"ಮರ್ವಿನ್ ಅವರೇ, ಇದು ಬಾಲ," ಅಂದಳು.

"ಬಾಲ ಒಳಗಿದೆ ಡಾಕ್ಟರಮ್ಮ. ಪೂರ್ತಿ ನಾಯಿನೇ ಹೂತಿದ್ದೀನಿ."

"ನಾಯಿದಲ್ಲ, ನಿಮ್ಮ ಡೈನೋಸಾರಿಂದು. ಈ ಕಲ್ಲೆಲ್ಲ ಅದರ ಬಾಲದ ಮೂಳೆ. ಇದು ನಮಗೆ ಬೇಕು."

"ಆಗಲ್ಲ. ನರಿ ಬರುತ್ತೆ."

"ಒಂಬತ್ತು ಕೋಟಿ ವರ್ಷದ ಹಿಂದಿನದು ಇದು."

"ನರಿ ಇವತ್ತು ರಾತ್ರಿ ಬರುತ್ತೆ."

ಸಂಜೆಯ ತನಕ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ನಾನೇ ಬಾಯಿ ಹಾಕಿದೆ. "ಮೇಲೆ ಸಿಮೆಂಟ್ ಸುರಿಯೋಣ ಕಣೋ. ನರಿ ಅಲ್ಲ, ಅದರಪ್ಪ ಬಂದ್ರೂ ಕೆರೆಯೋಕಾಗಲ್ಲ." ಸಿಮೆಂಟ್ ಬಿತ್ತು, ಬಾಲ ಪಾರ್ಕಿಗೆ ಹೋಯಿತು.

ಈ ಉಪಕಾರ ನಾನು ಪುಕ್ಕಟೆ ಮಾಡಲಿಲ್ಲ. ಪಾರ್ಕಿನಲ್ಲಿ ಪ್ರತಿ ಡೈನೋಸಾರಿಗೂ ಎರಡು ಹೆಸರು. ಒಂದು ಪುಸ್ತಕದ್ದು, ಅದನ್ನು ಹೇಳಹೋದರೆ ಕಟ್ಟಿಸಿಕೊಂಡ ಹಲ್ಲು ಉದುರುತ್ತದೆ. ಇನ್ನೊಂದು ಕರೆಯುವ ಹೆಸರು, ಅದನ್ನು ಇಡುವ ಹಕ್ಕು ಎಲುಬು ಕಂಡವನದು. ಪಕ್ಕದ ಫಾರ್ಮಿನ ರಾನ್ ತನಗೆ ಸಿಕ್ಕಿದ್ದಕ್ಕೆ ಹೆಂಡತಿ ಮೇವಿಸಳ ಹೆಸರಿಟ್ಟ. ಅಂದಿನಿಂದ ಅವಳ ಕಾಲು ನೆಲದ ಮೇಲಿಲ್ಲ. ಮಹಿಳಾ ಸಂಘದಲ್ಲಿ ಕೇಕ್ ಹಂಚುತ್ತಾ, "ಜಪಾನಿಂದ ಬಂದೋರು ನನ್ನ ಸೊಂಟ ನೋಡಿ ಬೆರಗಾದ್ರಂತೆ" ಅನ್ನುತ್ತಾಳೆ. "ನಿಂದು ಯಾವಾಗ, ಎನಿಡ್?" ಎಂದು ಎಲ್ಲರ ಮುಂದೆ ಕೇಳಿದ್ದಳು. ನನಗೂ ಆಸೆಯಿತ್ತು, ಯಾಕೆ ಮುಚ್ಚಿಡಲಿ. ಮದುವೆಯಾದಾಗಿನಿಂದ ಇವನ ಜೊತೆ ಈ ಧೂಳು ತಿಂದಿದ್ದೇನೆ. ಒಂದು ಫಲಕದ ಮೇಲೆ ನನ್ನ ಹೆಸರಿದ್ದರೆ ಯಾರ ಗಂಟು ಹೋಗುತ್ತಿತ್ತು?

ಹೆಸರು ಕೇಳಲು ಫ್ರೀಡಾ ಊಟಕ್ಕೆ ಬರುವಳೆಂದು ಕೂದಲಿಗೆ ಸುರುಳಿ ಹಾಕಿಸಿಕೊಂಡೆ, ಕುರಿ ತೊಡೆ ಸುಟ್ಟೆ, ಮರ್ವಿನ್‌ಗೆ ಇಷ್ಟವೆಂದು ಪುದೀನ ಸಾಸ್ ಮಾಡಿದೆ.

"ಏನಂತ ಇಡೋಣ?" ಫ್ರೀಡಾ ಕೇಳಿದಳು.

ಮರ್ವಿನ್ ನನ್ನ ಮುಖ ನೋಡಿದ. ನಾನು ನಾಚಿಕೊಂಡು ಆಲೂಗಡ್ಡೆ ನೋಡಿದೆ.

"ಪೆಗಿ," ಅಂದ.

ನಾನು ಎದ್ದು ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅದರಲ್ಲಿ ಮಾಂಸ ಇನ್ನೂ ಅರ್ಧ ಉಳಿದಿತ್ತು.

ಅಂದಿನಿಂದ ಮಾತು ಬಿಟ್ಟೆ. ಆದರೆ ನನ್ನ ಗ್ರಹಚಾರ ನೋಡಿ. ಪಾರ್ಕಿನ ಶೆಡ್ಡಿನಲ್ಲಿ ಪ್ಲಾಸ್ಟರ್ ಒಡೆದು ಎಲುಬು ಶುಚಿ ಮಾಡುವ ಸ್ವಯಂಸೇವಕರಲ್ಲಿ ನಾನೂ ಒಬ್ಬಳು, ಮತ್ತು ನನ್ನ ಮೇಜಿಗೆ ಬಂದದ್ದು ಅದೇ ಬಾಲ. ಹಲ್ಲಿನ ಡಾಕ್ಟರ ಕೈಯಲ್ಲಿರುವಂಥ ಸಣ್ಣ ಯಂತ್ರ ಹಿಡಿದು, ಅಂಟಿಕೊಂಡ ಮಣ್ಣನ್ನು ಅಕ್ಕಿಕಾಳಿನಷ್ಟಷ್ಟೇ ಬಿಡಿಸಿ, ಬಿರುಕಿಗೆ ಅಂಟು ಕುಡಿಸುತ್ತಾ ಕೂತೆ. ಬದುಕಿದ್ದಾಗ ಪೆಗಿಯ ಉಣ್ಣಿ ಕಿತ್ತದ್ದು ನಾನು. ಈಗ ಇದೂ ನನ್ನ ಪಾಲಿಗೆ. ನೋಡಲು ಬಂದವರು ಇದರ ಹೆಸರೇನೆಂದು ಕೇಳಿದರೆ ಕಿವಿ ಕೇಳದವಳ ಹಾಗೆ ಯಂತ್ರ ಜೋರು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಮರ್ವಿನ್ ಶೆಡ್ಡಿಗೆ ಬಂದ. ಅಂಗಿ ಮುದುಡಿತ್ತು, ಇಸ್ತ್ರಿ ಮಾಡುವುದನ್ನೂ ನಾನು ಬಿಟ್ಟಿದ್ದೆ. ಗೋಡೆಯ ಪಕ್ಕ ಜೋಡಿಸಿಟ್ಟ ಮೇವಿಸಳ ಪಕ್ಕೆಲುಬುಗಳ ಮುಂದೆ ನಿಂತು, ಫಲಕದಲ್ಲಿದ್ದದ್ದನ್ನು ಮೆಲ್ಲಗೆ ಓದಿದ: "ಮೇವಿಸ್. ನೀರು ಕುಡಿಯಲು ಬಂದು ಕೆಸರಿನಲ್ಲಿ ಹೂತು ಸತ್ತಿರಬೇಕು."

"ರಾನ್ ಇದನ್ನ ಹೆಂಗೆ ನೋಡ್ತಾನೋ," ಅಂದ.

ನಾನು ಯಂತ್ರ ನಿಲ್ಲಿಸಲಿಲ್ಲ. ಅವನು ಹತ್ತಿರ ಬಂದು ಆ ಸದ್ದಿನ ಮೇಲೆಯೇ ಹೇಳಿದ.

"ಪೆಗಿನ ಹೂತಾಯ್ತು ಎನಿಡ್. ಅಳೋದೆಲ್ಲ ಅತ್ತೂ ಆಯ್ತು. ನಿನ್ನ ಹೆಸರು ಬರೆದು ಕೆಳಗೆ ಎಲುಬು ಜೋಡಿಸಿಟ್ರೆ, ಎಲ್ಲಿ ಬಿದ್ದಿದ್ಲು, ಹೆಂಗೆ ಸತ್ಲು ಅಂತ ಬಂದೋರೆಲ್ಲ ಓದ್ತಾರೆ. ಅದನ್ನ ನೋಡ್ಕೊಂಡು ನಿಲ್ಲೋದು ನನ್ನ ಕೈಲಿ ಆಗಲ್ಲ ಕಣೇ."

ಯಂತ್ರ ನಿಂತಿತು. ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಈ ಮನುಷ್ಯ ಇಷ್ಟುದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ. ಕನ್ನಡಕದ ಧೂಳು ಒರೆಸುವ ನೆಪ ಮಾಡಿದೆ.

"ಇದನ್ನ ಅವತ್ತೇ ಹೇಳೋಕೆ ನಿನ್ನ ಬಾಯಿಗೇನಾಗಿತ್ತು?"

ಅವನು ಟೋಪಿಯ ಅಂಚು ತಿರುವಿದ.

"ಹೇಳೋಣ ಅಂತಲೇ ಇದ್ದೆ. ಆದ್ರೆ ನೀನು ಮಾತು ಬಿಟ್ಟೆ ನೋಡು, ಮನೆ ಎಷ್ಟು ನೆಮ್ಮದಿಯಾಗಿತ್ತು ಅಂದ್ರೆ..."

ಕೈಗೆ ಸಿಕ್ಕ ಕುಂಚ ಎತ್ತಿ ಅವನತ್ತ ಬೀಸಿದೆ. ಬಾಲವನ್ನು ಎಸೆಯುವಂತಿರಲಿಲ್ಲ, ಅದು ಪಾರ್ಕಿನ ಸೊತ್ತು.