ನಲವತ್ಮೂರು ಗ್ರಾಂ ಹೆಚ್ಚಿದ್ದ ಕಲ್ಲು

ತಕ್ಕಡಿ ರಿಪೇರಿ ಮಾಡುವವನನ್ನು ಕಟ್ಟಿಕೊಂಡರೆ ಒಂದು ಅನುಕೂಲವಿದೆ. ತನ್ನ ಮಾತು ಮನೆಯಲ್ಲಿ ಎಷ್ಟು ತೂಗುತ್ತದೆಂದು ಹೆಂಡತಿಗೆ ದಿನವೂ ತಿಳಿಯುತ್ತಿರುತ್ತದೆ. ಈಕೆಯ ಮಾತು ಎರಡು ವರ್ಷದಿಂದ ಏನೇನೂ ತೂಗುತ್ತಿರಲಿಲ್ಲ.

ಆಗಿದ್ದು ಇಷ್ಟೇ. ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಆಕೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನೀರಿನ ಟ್ಯಾಂಕಿನ ಕಡೆಯಿಂದ ಒಂದು ಬೆಂಕಿಯುಂಡೆ ಬಂತು, ಮೇಲೆಯೇ ಆರಿಹೋಯಿತು. ಆಮೇಲೆ ಸುಂಯ್ ಎಂದು ಏನೋ ಬಂದು ಶೆಡ್ಡಿನ ಹಿಂದಿದ್ದ ಹಳೇ ತಕ್ಕಡಿಗಳ ರಾಶಿಯೊಳಗೆ ಠಣ್ಣೆಂದು ಬಿತ್ತು. ಒದ್ದೆ ಚಾದರವನ್ನು ಅಲ್ಲೇ ಬಿಟ್ಟು ಅಂಗಡಿಗೆ ಓಡಿಬಂದು ಹೇಳಿದಳು. ಗಂಡ ಮಹಾಶಯ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳಲಿಲ್ಲ.

"ಕುಕ್ಕರ್ ಕೂಗಿರ್ಬೇಕು, ಹೋಗಿ ನೋಡು," ಎಂದ.

ರಾಶಿ ಕೆದಕಿ ನೋಡುತ್ತೇನೆಂದರೆ ಅದಕ್ಕೂ ಬಿಡಲಿಲ್ಲ. ಆ ತುಕ್ಕು ಹಿಡಿದ ತಟ್ಟೆಗಳನ್ನು ಅವನ ಹೊರತು ಯಾರೂ ಮುಟ್ಟಕೂಡದು, ಏನು ರತ್ನಭಂಡಾರವೋ! ಸಂಜೆ ಉಲ್ಕೆಯ ಬಗ್ಗೆ ಬರೆದಿದ್ದ ಹಳೇ ಪತ್ರಿಕೆಯೊಂದನ್ನು ಹಿಡಿದು ಬಂದ. "ಉಲ್ಕೆ ನೆಲಕ್ಕೆ ಬೀಳೋದನ್ನ ನೋಡೋರು ಕೋಟಿಗೊಬ್ಬರೂ ಇಲ್ಲವಂತೆ. ಅಷ್ಟು ಜನರನ್ನ ಬಿಟ್ಟು ಅದು ನಿನ್ನೆದುರಿಗೇ ಬಂದು ಬೀಳ್ತಾ?" ನಾದಿನಿ ಅವಳಿಗೆ ನಕ್ಷತ್ರಕ್ಕ ಎಂದು ಹೆಸರಿಟ್ಟಳು. ಗಂಡ ಕಣ್ಣಿನ ಡಾಕ್ಟರ ಬಳಿಗೂ ಕರೆದೊಯ್ದ. ಡಾಕ್ಟರು ಅವಳ ಕಣ್ಣು ಚಿನ್ನದಂಥದ್ದು ಎಂದರು. ಬಂದಿದ್ದೀರಲ್ಲ ಎಂದು ಅವನದ್ದನ್ನೂ ನೋಡಿ, ಕನ್ನಡಕ ಬರೆದುಕೊಟ್ಟರು. ಅವಳಿಗೆ ಬೇಕಿದ್ದದ್ದು ಒಂದೇ ಮಾತು: ನೀನು ನೋಡಿದ್ದು ನಿಜ. ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದ.

ಮೂರು ವಾರದ ಮೇಲೆ ಆ ರಾಶಿಯಲ್ಲಿ ಅವನಿಗೇ ಒಂದು ಕರೀ ಕಲ್ಲು ಸಿಕ್ಕಿತು. ಗಾತ್ರಕ್ಕೆ ಮೀರಿದ ಭಾರ.

"ಅದೇ ಕಣ್ರೀ, ಅವತ್ತು ಬಿದ್ದಿದ್ದು!"

"ಬೆಂಕಿ ಬಿದ್ದಿದ್ರೆ ಬೂದಿ ಇರ್ಬೇಕಿತ್ತು," ಎಂದು ಕಲ್ಲನ್ನು ತೂಕಕ್ಕಿಟ್ಟ. ಒಂದು ಕೇಜಿ ನಲವತ್ಮೂರು ಗ್ರಾಂ. ಹೆಂಡತಿಯ ಮಾತು ಮಣದಷ್ಟು ಕಡಿಮೆಯಾದರೂ ತಡೆದುಕೊಳ್ಳುತ್ತಿದ್ದವನಿಗೆ ನಲವತ್ಮೂರು ಗ್ರಾಂ ಹೆಚ್ಚಾದದ್ದನ್ನು ತಡೆಯಲಾಗಲಿಲ್ಲ. ಗ್ರೈಂಡರಿಗೆ ಹಿಡಿದು ಸುತ್ತಲೂ ಉಜ್ಜಿ ಸರಿಯಾಗಿ ಒಂದು ಕೇಜಿಗೆ ತಂದ. ಆ ಕರೀ ಪುಡಿ ಗುಡಿಸಿ ಎಸೆದವಳೂ ಅವಳೇ. ಅಂದಿನಿಂದ ಕಲ್ಲು ಗಲ್ಲಾಪೆಟ್ಟಿಗೆಯ ಮೇಲೆ ಒಂದು ಕೇಜಿಯ ತೂಕದ ಬಟ್ಟಾಗಿ ಕೂತಿತು.

ಮೊನ್ನೆ ಕಾಲೇಜಿನ ಭೂವಿಜ್ಞಾನದ ಮೇಡಂ ಲ್ಯಾಬಿನ ತಕ್ಕಡಿ ರಿಪೇರಿಗೆ ತಂದರು. ಉಜ್ಜಿದ ಕಲ್ಲಿನಲ್ಲಿ ಮಿಣುಗುವ ಲೋಹದ ಚುಕ್ಕೆ ಕಂಡು, ಎತ್ತಿ ಬೆಳಕಿಗೆ ಹಿಡಿದರು.

"ಇದರ ಮೇಲೆ ಸುಟ್ಟ ಹಾಗೆ ಕರೀ ಸಿಪ್ಪೆ ಇತ್ತಾ?"

"ಇತ್ತು. ತೂಕ ಜಾಸ್ತಿ ಅಂತ ನಾನೇ ಉಜ್ಜಿಬಿಟ್ಟೆ." ಪಾಪ, ಭೇಷ್ ಎನ್ನುತ್ತಾರೆಂದುಕೊಂಡಿದ್ದ.

"ಅಯ್ಯಯ್ಯೋ, ಎಂಥ ಕೆಲಸ ಮಾಡಿದ್ರಿ! ಇದು ಉಲ್ಕಾಶಿಲೆ ಕಣ್ರೀ. ಸಿಗೋದೇ ಅಪರೂಪ, ಬೀಳೋದನ್ನ ಕಂಡವರು ಸಿಗೋದು ಇನ್ನೂ ಅಪರೂಪ. ಯಾರಾದ್ರೂ ನೋಡಿದ್ರಾ?"

ಪರದೆಯ ಹಿಂದೆ ಅಡುಗೆಮನೆಯಲ್ಲಿ ಆಕೆ ಸೌಟು ಹಿಡಿದು ಹಾಗೇ ನಿಂತಳು. 'ನನ್ನ ಹೆಂಡತಿ ನೋಡಿದಳು.' ಮೂರೇ ಪದ, ಹೇಳಲಿ.

ಗಂಡ ಗಂಟಲು ಸರಿಮಾಡಿಕೊಂಡ. "ನಾನೇ ನೋಡಿದೆ ಮೇಡಂ. ಬೆಂಕಿಯುಂಡೆ! ಮೇಲೇ ಆರಿಹೋಯ್ತು, ಆಮೇಲೆ ಸುಂಯ್ ಅಂತ ಬಂದು ಠಣ್ ಅಂತ ಬಿತ್ತು."

ಅವಳ ಮೈಯೆಲ್ಲ ಉರಿದುಹೋಯಿತು. ಸುಂಯ್, ಠಣ್ ಎರಡನ್ನೂ ಬಿಡದೆ ಹೇಳುತ್ತಿದ್ದಾನಲ್ಲ! ಅಂದರೆ ಈ ಮನುಷ್ಯ ಅವತ್ತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಮೇಡಂ ನೋಟ್‌ಬುಕ್ ತೆಗೆದು, ಕಂಡವರು ಅಂಗಡಿಯವರು ಎಂದು ಬರೆದುಕೊಂಡರು. "ಯಾವ ದಿನ? ಯಾವ ಕಡೆಯಿಂದ ಬಂತು?"

ಅವನು ತಲೆ ಕೆರೆದುಕೊಂಡ. ಅಂಗಿಯ ಗುಂಡಿ, ಸ್ಕ್ರೂ ಡಬ್ಬಿ, ಸ್ವಂತ ಕನ್ನಡಕ, ಏನೇ ಕಾಣದಿದ್ದರೂ ಒಳಗೆ ಕೂಗಿ ಅಭ್ಯಾಸ. ಈಗಲೂ ಕೂಗಿಯೇಬಿಟ್ಟ:

"ಲೇ, ಅದು ಯಾವ ಕಡೆಯಿಂದ ಬಂತೇ?"

ಮೇಡಂ ಅವರ ಪೆನ್ನು ನಿಂತಿತು. ತಾನೇನು ಕೂಗಿದೆನೆಂದು ಅವನಿಗೆ ಆಮೇಲೆ ಹೊಳೆಯಿತು, ಮುಖ ಕಪ್ಪಿಟ್ಟಿತು. ಎರಡು ವರ್ಷ ಕಾದ ಮಾತು ಕೊನೆಗೆ ಅವನ ಬಾಯಿಂದ ಬಿದ್ದದ್ದು ಹೀಗೆ.

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ವಾರ, ತಾರೀಖು, ಹೊತ್ತು, ಟ್ಯಾಂಕಿನ ದಿಕ್ಕು, ಎಲ್ಲ ಹೇಳಿದಳು. ಮೇಡಂ ಮೊದಲು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಹೊಸದಾಗಿ ಬರೆದರು. ಆಕೆ ಗಲ್ಲಾಪೆಟ್ಟಿಗೆಯ ಮೇಲಿದ್ದ ಕನ್ನಡಕ ಎತ್ತಿ ಗಂಡನ ಕೈಗೆ ಕೊಟ್ಟಳು.

"ಹಾಕ್ಕೊಳ್ಳಿ. ಏನು ಬರೆದಿದಾರೆ ಓದಿ."

"ಕಣ್ಣಾರೆ ಕಂಡವರು..." ಅವನ ದನಿ ಇಳಿಯಿತು. "ಅಂಗಡಿಯವರ ಹೆಂಡತಿ."

"ಇನ್ನೊಂದ್ಸಲ ಗಟ್ಟಿಯಾಗಿ ಓದಿ," ಎಂದಳು ಆಕೆ. "ಕುಕ್ಕರ್ ಕೂಗ್ತಿತ್ತು, ಕೇಳಿಸಲಿಲ್ಲ."